ಬೋರ್ಡಿನ ಅಕ್ಷರ: ಮೊದಲು ಕೈ, ಆಮೇಲೆ ಮೆಷಿನ್
(ಒಕ್ಕೂಟದ ಮಾಸಿಕ ಸಭೆಯಲ್ಲಿ ಸ್ವಸಹಾಯ ಗುಂಪುಗಳ ಪ್ರತಿನಿಧಿಗಳ ಮುಂದೆ ಆಡಿದ ಮಾತಿನ ಬರಹರೂಪ)



ಇವತ್ತಿನ ಸಭೆಯ ಕೊನೆಯ ವಿಷಯ ಸಾಲದ ಅರ್ಜಿಗಳದ್ದು. ಅದರಲ್ಲಿ ಮೂರು ಗುಂಪುಗಳು ಒಂದೇ ಕಾರಣ ಬರೆದಿವೆ: ಅಕ್ಷರ ಕತ್ತರಿಸುವ ಮೆಷಿನ್ ಕೊಳ್ಳಲು. ಮರದ ಹಲಗೆಯ ಮೇಲೆ ಚಂದದ ಅಕ್ಷರ ಬರೆದು ಮನೆಗೆ, ಅಂಗಡಿಗೆ, ಶಾಲೆಗೆ ಬೋರ್ಡು ಮಾಡಿ ಮಾರುವ ಆಲೋಚನೆ. ಮೊಬೈಲಿನಲ್ಲಿ ವಿಡಿಯೊ ನೋಡಿದ್ದೀರಿ. ಮೆಷಿನ್ ಸರ್ ಅಂತ ಓಡುತ್ತದೆ, ಅಕ್ಷರ ಕತ್ತರಿಸಿ ಬರುತ್ತದೆ, ಹಲಗೆಗೆ ಅಂಟಿಸಿ ಬಣ್ಣ ಹಚ್ಚಿ ಕಿತ್ತರೆ ಬೋರ್ಡು ತಯಾರು. ನಾವೂ ನೋಡಿದ್ದೇವೆ. ನೋಡಿದರೆ ಆಸೆಯಾಗುವುದು ಸಹಜ.

ಆದರೆ ಠರಾವು ಬರೆಯುವ ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಇನ್ನೊಂದು ತಾಲೂಕಿನ ಒಂದು ಗುಂಪು ಇಂಥದ್ದೇ ಮೆಷಿನ್‌ಗೆ ಸಾಲ ಕೇಳಿತ್ತು. ಶಿಫಾರಸು ಬರೆದವರು ನಾವೇ. ಮೆಷಿನ್ ಬಂತು, ಪೂಜ್ಯ ಫಾದರ್ ಆಶೀರ್ವದಿಸಿದರು, ಫೋಟೋ ಕೂಡ ತೆಗೆದೆವು. ಮುಂದಿನ ವರ್ಷ ನಾವು ಭೇಟಿಗೆ ಹೋದಾಗ ಅದು ಅಧ್ಯಕ್ಷೆಯ ಮನೆಯ ಟ್ರಂಕಿನ ಮೇಲೆ ಹಳೆ ಸೀರೆ ಹೊದ್ದು ಕೂತಿತ್ತು. ಕಂತು ಮಾತ್ರ ತಪ್ಪಲಿಲ್ಲ. ಆ ಹೆಣ್ಣುಮಕ್ಕಳು ಬೀಡಿ ಕಟ್ಟಿದ ದುಡ್ಡಿನಲ್ಲಿ ಬೋರ್ಡಿನ ಮೆಷಿನ್ ಸಾಲ ತೀರಿಸಿದರು. ಆ ಕಂತಿನ ಪುಸ್ತಕ ನೋಡಿದಾಗ ನಮಗೆ ಆದ ಸಂಕಟ ಇವತ್ತಿಗೂ ಹೋಗಿಲ್ಲ.

ಏನು ಕಾರಣ? ಅವರು ಸೋಮಾರಿಗಳಲ್ಲ. ಮೆಷಿನ್ ಕೆಟ್ಟಿರಲೂ ಇಲ್ಲ. ಅದು ಕನ್ನಡ ಬರೆಯಲಿಲ್ಲ, ಅಷ್ಟೇ.

ಮೆಷಿನ್ ಅಂದರೆ ಒಂದು ಬ್ಲೇಡು. ಕಂಪ್ಯೂಟರ್ ತೋರಿಸಿದ ಗೆರೆಯ ಮೇಲೆ ಅದು ಓಡುತ್ತದೆ. ಇಂಗ್ಲಿಷಿನಲ್ಲಿ ಒಂದು ಅಕ್ಷರದ ಪಕ್ಕ ಇನ್ನೊಂದು ಅಕ್ಷರ, ಕಷ್ಟವಿಲ್ಲ. ನಮಗೆ ಒತ್ತು ಉಂಟು, ಕೊಂಬು ಉಂಟು, ಗುಡಿಸು ಉಂಟು. ಅವರು ಗುಂಪಿನ ಹೆಸರಿನ 'ಲಕ್ಷ್ಮಿ' ಎಂದು ಟೈಪ್ ಮಾಡಿದಾಗ ಮೆಷಿನ್ ಜೊತೆ ಬಂದ ಪ್ರೋಗ್ರಾಮಿನಲ್ಲಿ ಕ, ಷ, ಮ ಮೂರೂ ಜಗಳವಾಡಿಕೊಂಡ ಓರಗಿತ್ತಿಯರ ಹಾಗೆ ಬೇರೆ ಬೇರೆ ನಿಂತವು. ಹೇಗೋ ಸರಿಯಾದ ಅಕ್ಷರ ತಂದ ಮೇಲೆ ಇನ್ನೊಂದು ತೊಂದರೆ. ಒತ್ತಕ್ಷರ ಮೇಲಿನ ಅಕ್ಷರಕ್ಕೆ ತಾಗುವ ಕಡೆ ಗೆರೆಯ ಮೇಲೆ ಗೆರೆ ಬರುತ್ತದೆ. ಬ್ಲೇಡಿಗೆ ಬುದ್ಧಿ ಇಲ್ಲ, ಎರಡೂ ಗೆರೆಯನ್ನು ಕತ್ತರಿಸಿ ಹಾಳೆಯನ್ನು ಚೂರು ಮಾಡುತ್ತದೆ. ಇದಕ್ಕೆ ಪರಿಹಾರ ಇಲ್ಲ ಅಂತಲ್ಲ. ಇಂಕ್‌ಸ್ಕೇಪ್ ಎಂಬ ಪ್ರೋಗ್ರಾಮ್ ಇದೆ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ ಕನ್ನಡ ಸರಿಯಾಗಿ ಕೂಡಿಕೊಳ್ಳುತ್ತದೆ. ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಾಯಿಸಿ, 'ಯೂನಿಯನ್' ಕೊಟ್ಟು ತಾಗಿದ ಗೆರೆಗಳನ್ನೆಲ್ಲ ಒಂದು ಮಾಡಿ, ಆಮೇಲೆ ಮೆಷಿನ್‌ಗೆ ಕಳುಹಿಸಬೇಕು. ಇದನ್ನು ಕಲಿಯಬಹುದು. ಆದರೆ ಕಲಿಯುವುದಕ್ಕೆ ಮೊದಲೇ ಸಾಲ ಮಾಡಿದ್ದು ತಪ್ಪು, ಅದಕ್ಕೆ ಸಹಿ ಹಾಕಿದ್ದು ನಮ್ಮ ತಪ್ಪು.

ಹಾಗಾದರೆ ಬೋರ್ಡು ಮಾಡುವುದೇ ಬೇಡವೇ? ಮಾಡಿ. ಖಂಡಿತ ಮಾಡಿ. ಸ್ಟೆನ್ಸಿಲ್ ನಮಗೆ ಹೊಸದೇನೂ ಅಲ್ಲ. ಜಾತ್ರೆಯಲ್ಲಿ ತೂತು ಹೊಡೆದ ರಂಗೋಲಿ ತಟ್ಟೆ ಕೊಂಡಿದ್ದೀರಿ, ಅದು ಸ್ಟೆನ್ಸಿಲ್. ಮಂಡಿಯಲ್ಲಿ ಗೋಣಿಚೀಲಕ್ಕೆ ತಗಡಿಟ್ಟು ಮಸಿ ಒತ್ತುತ್ತಾರೆ, ಅದೂ ಸ್ಟೆನ್ಸಿಲ್. ಸೀರೆಗೆ ಕಸೂತಿ ಹಾಕುವವರು ಚಿತ್ರದ ಕಾಗದಕ್ಕೆ ಸೂಜಿಯಿಂದ ಸಾಲಾಗಿ ತೂತು ಮಾಡಿ ಪುಡಿ ಉಜ್ಜಿ ಗುರುತು ಇಳಿಸುತ್ತಾರಲ್ಲ, ಅದು ಇದರ ಅಕ್ಕ. ಆ ಸೂಜಿ ತೂತಿನ ಉಪಾಯದಿಂದ ಬೋರ್ಡಿನ ಮೇಲೂ ಅಕ್ಷರದ ಅಂಚು ಇಳಿಸಿ, ಒಳಗೆ ಬ್ರಷ್ಷಿನಿಂದ ಬಣ್ಣ ತುಂಬಬಹುದು. ಖರ್ಚು ಒಂದು ಸೂಜಿ, ಒಂದು ಕಾಗದ, ಸ್ವಲ್ಪ ಸೀಮೆಸುಣ್ಣದ ಪುಡಿ.

ಕೈಯಲ್ಲಿ ಸ್ಟೆನ್ಸಿಲ್ ಕತ್ತರಿಸಲು ನಮ್ಮ ಮಟ್ಟಿಗೆ ಹಳೆ ಎಕ್ಸ್‌ರೇ ಫಿಲ್ಮಿನಷ್ಟು ಒಳ್ಳೆಯ ಹಾಳೆ ಇಲ್ಲ. ಹರಿಯುವುದಿಲ್ಲ, ಬಣ್ಣ ಹೀರುವುದಿಲ್ಲ, ಒರೆಸಿ ಮತ್ತೆ ಬಳಸಬಹುದು. ಮೊದಲು ರೋಗಿಯ ಹೆಸರಿರುವ ತುದಿಯನ್ನು ಕತ್ತರಿಸಿ ಹಾಕಿ. ಯಾರ ಎದೆಗೂಡಿನಲ್ಲಿ ಏನಿತ್ತು ಎನ್ನುವುದು ಊರಿಗೆ ಬೇಡ. ಹಳೆ ಕಾಲದ ಫಿಲ್ಮನ್ನು ಬ್ಲೀಚಿಂಗ್ ನೀರಿನಲ್ಲಿ ನೆನೆಸಿದರೆ ಕಪ್ಪು ಬಿಟ್ಟು ಗಾಜಿನ ಹಾಗೆ ಆಗುತ್ತದೆ. ಕೈಗವಸು ಹಾಕಿಕೊಂಡು, ಹೊರಗೆ ಗಾಳಿಯಲ್ಲಿ ಮಾಡಿ. ಈಗಿನ ಫಿಲ್ಮು ಕಪ್ಪು ಬಿಡದಿದ್ದರೆ ಹಾಗೇ ಇರಲಿ, ಮೇಲೆ ಅಕ್ಷರ ಬರೆದ ಬಿಳಿ ಕಾಗದ ಅಂಟಿಸಿ ಎರಡನ್ನೂ ಒಟ್ಟಿಗೆ ಕತ್ತರಿಸಿ. ಕೆಳಗೆ ಗಾಜಿನ ತುಂಡು, ಕೈಯಲ್ಲಿ ಹೊಸ ಬ್ಲೇಡಿನ ಕಟರ್. ಸುತ್ತು ಬರುವಲ್ಲಿ ಕಟರ್ ತಿರುಗಿಸಬೇಡಿ, ಹಾಳೆ ತಿರುಗಿಸಿ.

ಇಲ್ಲಿ ಕನ್ನಡದ ನಿಜವಾದ ಕಷ್ಟ ಬರುತ್ತದೆ. ನಮ್ಮ ಅಕ್ಷರ ದುಂಡು. ರ ಕತ್ತರಿಸಿದರೆ ಒಳಗಿನ ಬಿಳಿ ಬಿದ್ದುಹೋಗುತ್ತದೆ, ಬಣ್ಣ ಹಚ್ಚಿದರೆ ರ ಅಲ್ಲ, ಒಂದು ಕರಿ ಉಂಡೆ. 'ಅಂಗಡಿ'ಯ ಸೊನ್ನೆ ಚುಕ್ಕೆಯಾಗುತ್ತದೆ. ಠ ಅಂತೂ ಕೇಳಬೇಡಿ. ಅದಕ್ಕೆ ಒಳಗಿನ ತುಂಡನ್ನು ಹೊರಗಿನ ಹಾಳೆಗೆ ಹಿಡಿದಿಡಲು ಸಣ್ಣ ಕೊಂಡಿ ಬಿಡಬೇಕು. ಎರಡು ಅಂಗುಲದ ಅಕ್ಷರಕ್ಕೆ ಮೂರು ನಾಲ್ಕು ಮಿಲಿಮೀಟರ್ ಅಗಲ ಸಾಕು, ಒಂದು ಸುತ್ತಿಗೆ ಎರಡು ಕೊಂಡಿ. ಬಣ್ಣ ಒಣಗಿದ ಮೇಲೆ ಬೇಕಾದರೆ ಸಣ್ಣ ಬ್ರಷ್ಷಿನಿಂದ ಮುಚ್ಚಬಹುದು.

ಆದರೆ ಕೊಂಡಿ ಎಲ್ಲಿ ಇಡುತ್ತೀರಿ ಎನ್ನುವುದು ಮುಖ್ಯ. ಒಂದು ಗುಂಪು ತನ್ನದೇ ಬೋರ್ಡು ಮಾಡಿಕೊಂಡಿತು. ಹೆಸರಿನಲ್ಲಿ 'ಧನ' ಎಂದಿತ್ತು. ಧ ಅಕ್ಷರದ ಕೆಳಗಿನ ಸೀಳು ಇರುವ ಜಾಗದಲ್ಲೇ ಎಡವಟ್ಟಾಯಿತು, ಸೀಳು ಮಾಯವಾಯಿತು. ಬೋರ್ಡು ಮೇಲೇರಿದ ಮೇಲೆ ಓದಿದರೆ 'ದನ'! ಬ್ಯಾಂಕಿನಿಂದ ಬಂದ ಅಧಿಕಾರಿ ನಕ್ಕರು. ನಮ್ಮವರೂ ನಕ್ಕರು, ಆದರೆ ಸಂಜೆ ಇಬ್ಬರು ಅತ್ತರು. ಹತ್ತು ವರ್ಷ ಉಳಿತಾಯ ಮಾಡಿ ಕಟ್ಟಿದ ಸಂಘ ಅದು. ದ-ಧ, ಡ-ಢ, ಪ-ಫ, ಬ-ಭ ಇವುಗಳ ವ್ಯತ್ಯಾಸ ಒಂದು ಸಣ್ಣ ಗೆರೆಯಲ್ಲಿದೆ. ಆ ಗೆರೆಯ ಹತ್ತಿರ ಕೊಂಡಿ ಇಡಬೇಡಿ. ಒತ್ತಕ್ಷರಕ್ಕೆ ಸಾಲಿನ ಕೆಳಗೆ ಜಾಗ ಬಿಡಲು ಮರೆಯಬೇಡಿ. ಕತ್ತರಿಸುವ ಮೊದಲು ಕಾಗದದಲ್ಲಿ ಬರೆದು, ಆ ಕೆಲಸದಲ್ಲಿ ಇಲ್ಲದ ಇಬ್ಬರಿಗೆ ಗಟ್ಟಿಯಾಗಿ ಓದಲು ಹೇಳಿ. ಒಬ್ಬರು ಶಾಲೆಗೆ ಹೋಗುವ ಮಗು ಆದರೆ ಒಳ್ಳೆಯದು. ಮಕ್ಕಳು ಮುಲಾಜು ನೋಡುವುದಿಲ್ಲ.

ಇನ್ನು ಮೆಷಿನ್ ಬೇಕೇ ಬೇಕು ಎನ್ನುವ ಕೆಲಸಗಳಿವೆ. ಒಂದು ಅಂಗುಲಕ್ಕಿಂತ ಸಣ್ಣ ಅಕ್ಷರ, ಉದ್ದದ ಹೆಸರು, ಕೊಂಡಿಯೇ ಕಾಣದಂಥ ನಯವಾದ ಬೋರ್ಡು. ಅದಕ್ಕೆ ಮೆಷಿನ್ ಈಗಾಗಲೇ ನಿಮ್ಮ ಪೇಟೆಯಲ್ಲಿದೆ. ಬೈಕಿಗೆ ಸ್ಟಿಕ್ಕರ್ ಅಂಟಿಸುವ ರೇಡಿಯಂ ಅಂಗಡಿಗೆ ಹೋಗಿ ನೋಡಿ. ಅವರ ಹತ್ತಿರ ಇರುವುದು ಇದೇ ಕೆಲಸದ ದೊಡ್ಡ ಮೆಷಿನ್. 2019ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಕಂಪನಿಯಿಂದಲೇ ಅತಿ ಸುರಕ್ಷಿತ ನಂಬರ್ ಪ್ಲೇಟ್ ಬರುತ್ತದೆ, 2023ರಲ್ಲಿ ನಮ್ಮ ರಾಜ್ಯದಲ್ಲಿ ಹಳೆ ವಾಹನಗಳಿಗೂ ಆದೇಶವಾಯಿತು. ನಂಬರ್ ಬರೆಯುವ ಕೆಲಸ ಕಡಿಮೆಯಾಯಿತು ಎಂದು ನಾವು ಮಾತಾಡಿಸಿದ ಅಂಗಡಿಯವರು ಹೇಳುತ್ತಾರೆ. ನಿಮ್ಮ ಕೆಲಸ ಅವರಿಗೂ ಬೇಕು. ನುಡಿ ಅಕ್ಷರ ಅವರ ಕಂಪ್ಯೂಟರಿನಲ್ಲಿದೆ, ಗೆರೆ ಕೂಡಿಸುವುದು ಅವರಿಗೆ ದಿನದ ಕೆಲಸ.

ಅವರಿಗೆ ಒಂದು ಮಾತು ಮಾತ್ರ ಬಿಡಿಸಿ ಹೇಳಬೇಕು. ಅವರು ಯಾವಾಗಲೂ ಅಕ್ಷರ ಉಳಿಸಿ ಸುತ್ತಲಿನ ಸ್ಟಿಕ್ಕರ್ ಕಿತ್ತುಹಾಕುತ್ತಾರೆ. ನಮಗೆ ಬೇಕಾದದ್ದು ಉಲ್ಟಾ: 'ಅಕ್ಷರ ತೆಗೆಯಿರಿ, ಸುತ್ತಲಿನದು ಮತ್ತು ಅಕ್ಷರದ ಒಳಗಿನ ಬೊಟ್ಟು ಉಳಿಸಿ, ಸುತ್ತ ಎರಡು ಅಂಗುಲ ಅಂಚು ಬಿಡಿ, ಮೇಲೆ ಟೇಪು ಹಾಕಿ ಕೊಡಿ.' ಒಳಗಿನ ಬೊಟ್ಟು ಟೇಪಿನ ಜೊತೆ ಬಂದು ಹಲಗೆಗೆ ತಾನೇ ಅಂಟಿಕೊಳ್ಳುವುದರಿಂದ ಇದಕ್ಕೆ ಕೊಂಡಿಯೇ ಬೇಡ. ಆದರೆ ಒಂದೇ ಸಲಕ್ಕೆ ಮುಗಿಯಿತು. ಅದಕ್ಕೇ ಹೇಳುವುದು, ಒಂದೇ ಮನೆಯ ಹೆಸರಾದರೆ ಸ್ಟಿಕ್ಕರ್, 'ಇಲ್ಲಿ ಕಸ ಹಾಕಬೇಡಿ' ಎಂದು ಇಪ್ಪತ್ತು ಕಡೆ ಬರೆಯುವುದಾದರೆ ಫಿಲ್ಮು.

ಲೆಕ್ಕ ನೋಡೋಣ. ಮೆಷಿನ್‌ಗೆ 30,000 ರೂಪಾಯಿ ಎಂದಿಟ್ಟುಕೊಳ್ಳಿ, ಅಂಗಡಿಯವರು ಒಂದು ಹೆಸರು ಕತ್ತರಿಸಲು 100 ರೂಪಾಯಿ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. 300 ಬೋರ್ಡು ಮಾರಿದ ಮೇಲೆ ಮೆಷಿನ್ ತನ್ನ ಬೆಲೆಗೆ ಸಮ ಬರುತ್ತದೆ. ಬ್ಲೇಡು, ಸ್ಟಿಕ್ಕರ್ ರೋಲು, ಕರೆಂಟು ಬೇರೆ. ಶೇ. 12ರ ಬಡ್ಡಿಯಾದರೆ ಅಸಲು ಮುಟ್ಟದೆ ಮೊದಲ ವರ್ಷಕ್ಕೇ 3,600, ಅಂದರೆ 36 ಬೋರ್ಡಿನ ಕತ್ತರಿಸುವ ಕೂಲಿ ಬಡ್ಡಿಗೇ ಹೋಯಿತು. ನಿಮ್ಮ ಊರಿನಲ್ಲಿ ವರ್ಷಕ್ಕೆ 300 ಬೋರ್ಡು ಹೋಗುತ್ತದೆಯೇ? ಹೋಗುತ್ತದೆ ಎನ್ನುವವರು ಕೈ ಎತ್ತಿ. (ಯಾರೂ ಎತ್ತಲಿಲ್ಲ.)

ಹಾಗಂತ ಬೇಡಿಕೆ ಇಲ್ಲವೆಂದಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಂದ ತಿದ್ದುಪಡಿಯಂತೆ ಅಂಗಡಿ, ಹೋಟೆಲುಗಳ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಪ್ಲಾಸ್ಟಿಕ್ ಫ್ಲೆಕ್ಸ್ ಅನ್ನು ನಮ್ಮ ಸರ್ಕಾರ 2016ರಲ್ಲೇ ನಿಷೇಧಿಸಿದೆ. ನವೆಂಬರ್ 2ರ ಮೃತರ ಸ್ಮರಣೆಗೆ ಮೊದಲು ಸಮಾಧಿಯ ಶಿಲುಬೆಗಳ ಮೇಲೆ ಮಾಸಿದ ಹೆಸರು ತಿದ್ದಿಸಲು ಎಷ್ಟೋ ಮನೆಯವರು ಪೇಂಟರ್‌ಗಾಗಿ ಕಾಯುತ್ತಾರೆ. ಅದನ್ನು ನೀವು ಮಾಡಬಹುದು. ಆ ಕೆಲಸಕ್ಕೆ ಬೆಲೆ ಹೇಳುವಾಗ ಸ್ವಲ್ಪ ಮೆತ್ತಗೆ ಹೇಳಿ.

ಬಣ್ಣದ ವಿಷಯ. ಹೆಚ್ಚಿನವರು ಸೋಲುವುದು ಅಕ್ಷರದ ಕೆಳಗೆ ಬಣ್ಣ ಹರಿದು ಅಂಚು ಕೆಡುವುದರಲ್ಲಿ. ಹಲಗೆಯನ್ನು ಸ್ಯಾಂಡ್ ಪೇಪರಿನಲ್ಲಿ ತಿಕ್ಕಿ, ಪ್ರೈಮರ್ ಹಚ್ಚಿ, ಹಿನ್ನೆಲೆ ಬಣ್ಣ ಎರಡು ಸಲ ಕೊಟ್ಟು ಪೂರ್ತಿ ಒಣಗಿಸಿ. ಎನಾಮಲ್ ಆದರೆ ಒಂದು ರಾತ್ರಿ, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಸ್ಟಿಕ್ಕರ್ ಅಂಟಿಸಿ ಅಂಚನ್ನು ಉಗುರಿನಿಂದ ಒತ್ತಿ. ಆಮೇಲೆ ಅಕ್ಷರದ ಬಣ್ಣ ಅಲ್ಲ, ಅದೇ ಹಿನ್ನೆಲೆ ಬಣ್ಣವನ್ನೇ ಅಂಚಿಗೆ ತೆಳ್ಳಗೆ ಹಚ್ಚಿ. ಹರಿಯುವುದಿದ್ದರೆ ಅದು ಹರಿದು ಸಂದು ಮುಚ್ಚಿಕೊಳ್ಳುತ್ತದೆ, ಬಣ್ಣ ಒಂದೇ ಆದ್ದರಿಂದ ಕಾಣುವುದಿಲ್ಲ. ಅದು ಒಣಗಿದ ಮೇಲೆ ಅಕ್ಷರದ ಬಣ್ಣ. ಬ್ರಷ್ಷನ್ನು ಎಳೆಯಬೇಡಿ, ಸ್ಪಂಜನ್ನು ಪತ್ರಿಕೆಯ ಮೇಲೆ ಒತ್ತಿ ಹೆಚ್ಚಿನ ಬಣ್ಣ ತೆಗೆದು, ನೇರವಾಗಿ ಮೇಲಿನಿಂದ ತಟ್ಟಿ. ಎರಡು ತೆಳು ಕೋಟ್. ಕೊನೆಯ ಕೋಟ್ ಪೂರ್ತಿ ಒಣಗುವ ಮೊದಲೇ ಸ್ಟಿಕ್ಕರನ್ನು ನಿಧಾನ ಮಡಚಿ ಎಳೆಯಿರಿ. ಬೋರ್ಡು ಎಷ್ಟು ದೂರದಿಂದ ಓದಬೇಕೋ, ಹತ್ತು ಅಡಿಗೆ ಒಂದು ಅಂಗುಲ ಎತ್ತರದ ಲೆಕ್ಕ ಇಟ್ಟುಕೊಳ್ಳಿ. ಎಂ.ಡಿ.ಎಫ್. ಹಲಗೆ ಮಳೆಗೆ ಉಬ್ಬುತ್ತದೆ, ಹೊರಗಿನ ಬೋರ್ಡಿಗೆ ಬೇಡ. ಪ್ಲೈವುಡ್ ಆದರೆ ನಾಲ್ಕೂ ಅಂಚಿಗೆ ಬಣ್ಣ ಕುಡಿಸಿ.

ಒಂದು ಎಚ್ಚರಿಕೆ, ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಹಳೆ ಬೋರ್ಡು, ಹಳೆ ಬಾಗಿಲಿನ ಹಲಗೆ ತಂದು ತಿಕ್ಕಬೇಡಿ. ಹಳೆ ಬಣ್ಣದಲ್ಲಿ ಸೀಸ ಇರುತ್ತದೆ, ಆ ಧೂಳು ಮಕ್ಕಳ ಮೆದುಳಿಗೆ, ಗರ್ಭಿಣಿಯರಿಗೆ ಕೆಟ್ಟದ್ದು. ಮನೆ ಬಳಕೆಯ ಬಣ್ಣದಲ್ಲಿ ಸೀಸ 90 ಪಿ.ಪಿ.ಎಂ. ಮೀರಬಾರದೆಂಬ ನಿಯಮ 2017ರ ನವೆಂಬರ್‌ನಿಂದ ಜಾರಿಯಲ್ಲಿದೆ, ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿ ಕೊಳ್ಳಿ. ಟರ್ಪೆಂಟೈನ್, ಥಿನ್ನರ್ ಅಡುಗೆಮನೆಯಲ್ಲಿ ಇಡಬೇಡಿ.

ಈಗ ಮೂರು ಅರ್ಜಿಗಳ ಬಗ್ಗೆ. ತಳ್ಳಿಹಾಕಿ ಎಂದು ನಾವು ಹೇಳುತ್ತಿಲ್ಲ, ನಿರ್ಣಯ ಒಕ್ಕೂಟದ್ದು. ನಮ್ಮ ಸಲಹೆ ಇಷ್ಟು: ಮೂರೂ ಗುಂಪಿನಿಂದ ಇಬ್ಬರಿಬ್ಬರು ಆರು ತಿಂಗಳು ಒಟ್ಟಿಗೆ ಕೆಲಸ ಮಾಡಲಿ. ಬಣ್ಣ, ಹಲಗೆಗೆ ಬೇಕಾದ ಸಣ್ಣ ಸಾಲ ಗುಂಪಿನ ಉಳಿತಾಯದಿಂದಲೇ ಸಾಕು. ಪ್ರತಿ ಬೋರ್ಡಿನ ಖರ್ಚು, ನಿಮ್ಮ ಕೂಲಿ, ಮಾರಿದ ಬೆಲೆ ಒಂದು ನೋಟ್‌ಪುಸ್ತಕದಲ್ಲಿ ಬರೆಯಿರಿ. ಕೂಲಿ ಬರೆಯದೆ ಲಾಭ ಅನ್ನಬೇಡಿ, ನಮ್ಮ ಹೆಂಗಸರ ಲೆಕ್ಕದಲ್ಲಿ ಯಾವಾಗಲೂ ಬಿಟ್ಟುಹೋಗುವುದು ಅದೇ. ಆರು ತಿಂಗಳ ಕೊನೆಗೆ ರೇಡಿಯಂ ಅಂಗಡಿಗೆ ಕೊಟ್ಟ ದುಡ್ಡು ಕೂಡಿಸಿ ನೋಡೋಣ. ಅದು ಕಂತಿಗಿಂತ ಹೆಚ್ಚಾಗಿದ್ದರೆ ಅರ್ಜಿಯನ್ನು ಮತ್ತೆ ತನ್ನಿ. ಆಗ ಮೂರು ಮೆಷಿನ್ ಅಲ್ಲ, ಮೂರು ಗುಂಪಿಗೆ ಸೇರಿ ಒಂದು. ಇಂಕ್‌ಸ್ಕೇಪ್ ಕಲಿಸಲು ಒಬ್ಬರನ್ನು ಕರೆಸುವ ಜವಾಬ್ದಾರಿ ನಮ್ಮ ಸಂಸ್ಥೆಯದ್ದು. ಶಿಫಾರಸು ಈ ಸಲ ನೋಟ್‌ಪುಸ್ತಕ ನೋಡಿಯೇ ಬರೆಯುತ್ತೇವೆ.

ಆಸಕ್ತಿ ಇರುವವರು ಬರುವ ಶನಿವಾರ ಊಟದ ನಂತರ ಇಲ್ಲೇ ಹಾಲ್‌ಗೆ ಬನ್ನಿ. ಎರಡು ಹಳೆ ಎಕ್ಸ್‌ರೇ ಫಿಲ್ಮು, ಒಂದು ಕಟರ್, ಪಾತ್ರೆ ತಿಕ್ಕದ ಹೊಸ ಸ್ಪಂಜು ತನ್ನಿ. ಗಾಜು, ಬಣ್ಣ ನಾವು ಇಟ್ಟಿರುತ್ತೇವೆ. ಮೊದಲು ಕತ್ತರಿಸುವುದು ನಿಮ್ಮ ನಿಮ್ಮ ಹೆಸರು. ರ, ಠ, ಸೊನ್ನೆ ಇರುವವರು ಸ್ವಲ್ಪ ಬೇಗ ಬನ್ನಿ.