ಸಖ್ರ್‌ನಿಗಾಗಿ ಅತ್ತವಳು

ಅರಬ್ಬಿ ಸಾಹಿತ್ಯದಲ್ಲಿ ಶೋಕಗೀತೆ ಎಂದರೆ ಮೊದಲು ನಾಲಿಗೆಗೆ ಬರುವ ಹೆಸರು ಒಬ್ಬ ಹೆಣ್ಣುಮಗಳದು: ಅಲ್-ಖನ್ಸಾ. ಇಸ್ಲಾಂ ತಲೆಯೆತ್ತುತ್ತಿದ್ದ ಕಾಲದಲ್ಲಿ ಬನೂ ಸುಲೈಮ್ ಕುಲದಲ್ಲಿ ಬಾಳಿದವಳು. ಕ್ರಿ.ಶ. 612ರ ಸುಮಾರಿಗೆ ಅವಳ ಸೋದರ ಮುಆವಿಯಾ ಕುಲಗಳ ಜಗಳದಲ್ಲಿ ಸತ್ತ. ಅವನ ಸೇಡು ತೀರಿಸಿದ ಇನ್ನೊಬ್ಬ ಸೋದರ ಸಖ್ರ್, ಮುಂದೊಂದು ದಾಳಿಯಲ್ಲಿ ಗಾಯಗೊಂಡು, ಬಹುಕಾಲ ಹಾಸಿಗೆ ಹಿಡಿದು ತೀರಿಕೊಂಡ. ಮುಆವಿಯಾ ಒಡಹುಟ್ಟಿದವನು, ಸಖ್ರ್ ಮಲಸೋದರ. ಆದರೂ ಅವಳ ಹಾಡುಗಳಲ್ಲಿ ಹೆಚ್ಚಿನವು ಸಖ್ರ್‌ನಿಗೇ ಸಂದಿವೆ.

ಅದಕ್ಕೊಂದು ಕಥೆ ಹೇಳುತ್ತಾರೆ. ಖನ್ಸಾಳ ಗಂಡ ಇದ್ದದ್ದನ್ನೆಲ್ಲ ಜೂಜಿನಲ್ಲಿ ಕಳೆದ. ಅವಳು ಸಖ್ರ್‌ನ ಬಳಿ ಹೋದಳು. ಅವನು ತನ್ನ ಆಸ್ತಿಯನ್ನು ಎರಡು ಪಾಲು ಮಾಡಿ, ಒಳ್ಳೆಯ ಪಾಲನ್ನೇ ಅವಳಿಗೆ ಕೊಟ್ಟ. ಗಂಡ ಅದನ್ನೂ ಕಳೆದ. ಸಖ್ರ್ ಮತ್ತೆ ಪಾಲು ಮಾಡಿದ. ಕೊಡುವುದಾದರೆ ಕಳಪೆ ಪಾಲನ್ನಾದರೂ ಕೊಡಬಾರದೇ ಎಂದು ಹೆಂಡತಿ ತಡೆದಳಂತೆ. ಅವನು ಕೇಳಲಿಲ್ಲ. ಅತ್ತಿಗೆಯ ಮುಖ ನೋಡಿ ತವರಿನಿಂದ ಬರಿಗೈಯಲ್ಲಿ ಮರಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಬೀಸುವ ಪದಗಳ ತುಂಬ ಇರುವವರು ಇದೇ ಅಣ್ಣ, ಇದೇ ಅತ್ತಿಗೆ. ಸಖ್ರ್ ಸತ್ತಾಗ ಖನ್ಸಾಳಿಗೆ ತವರೇ ಹೋಯಿತು.

ಸತ್ತವರನ್ನು ಹಾಡಿ ಅಳುವುದು ಆ ಸಮಾಜದಲ್ಲಿ ಮುಖ್ಯವಾಗಿ ಹೆಂಗಸರ ಹೊಣೆ. ಬರೀ ಅಳುವಲ್ಲ, ಸೇಡಿಗೆ ಗಂಡಸರನ್ನು ಕೆರಳಿಸುವ ಕೆಲಸವೂ ಆ ಹಾಡಿಗಿತ್ತು. ಖನ್ಸಾ ಹಲವು ಕಡೆ ತನ್ನ ಕಣ್ಣುಗಳನ್ನೇ ಕರೆದು ಮಾತಾಡಿಸುತ್ತಾಳೆ. ಆಮೇಲೆ ಲೆಕ್ಕ ಶುರು: ಚಳಿಗಾಲದ ಬರದಲ್ಲಿ ಸಖ್ರ್ ಯಾರಿಗೆ ಉಣಿಸಿದ, ಕುಲದ ಯಾವ ಭಾರ ಹೊತ್ತ. ನಮ್ಮಲ್ಲಿ ಹೆಣದ ಮುಂದೆ ಹಾಡಾಡಿಕೊಂಡು ಅಳುವವರೂ ಹೀಗೇ, ಹೋದವನು ಮಾಡಿದ್ದು, ಕೊಟ್ಟದ್ದು ಎಲ್ಲವನ್ನೂ ಹೆಸರಿಟ್ಟು ಹೇಳುತ್ತಾರೆ. ದುಃಖವನ್ನೇ ವರ್ಣಿಸುತ್ತ ಕೂರುವ ಪದ್ಯಗಳಿಗಿಂತ ಈ ಲೆಕ್ಕ ನನ್ನನ್ನು ಹೆಚ್ಚು ತಟ್ಟುತ್ತದೆ.

ಮುಂದೆ ಅವಳು ಇಸ್ಲಾಂ ಸ್ವೀಕರಿಸಿದಳು. ಪರ್ಷಿಯನ್ನರ ವಿರುದ್ಧದ ಖಾದಿಸಿಯಾ ಕದನದಲ್ಲಿ ನಾಲ್ವರು ಗಂಡುಮಕ್ಕಳು ಮಡಿದಾಗ ಅಳದೆ ದೇವರಿಗೆ ಕೃತಜ್ಞತೆ ಹೇಳಿದಳು ಎಂಬ ಐತಿಹ್ಯವಿದೆ. ಭಕ್ತರು ಆಮೇಲೆ ಹೊಂದಿಸಿದ ಮಾತಿದು ಅಂತ ನನ್ನ ಗುಮಾನಿ.

ಸೋದರನಿಗಾಗಿ ಅಳುವ ಹೆಣ್ಣಿನ ದನಿ ಖನ್ಸಾಳಿಗೇ ನಿಲ್ಲಲಿಲ್ಲ. ಕ್ರಿ.ಶ. 680ರಲ್ಲಿ ಇರಾಕಿನ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನ್ ಹತನಾದ. ಸೆರೆಯಾಗಿ ಡಮಾಸ್ಕಸ್‌ಗೆ ನಡೆದ ತಂಗಿ ಝೈನಬಳ ಅಳಲು ಮುಂದೆ ಮರ್ಸಿಯಾ ಎಂಬ ಶೋಕಗೀತೆಗಳಲ್ಲಿ ಮೊಳಗಿತು. 19ನೇ ಶತಮಾನದ ಲಖನೌದಲ್ಲಿ ಮೀರ್ ಅನೀಸ್ ಅವಳ ಬಾಯಿಗೆ ಅಚ್ಚ ಉತ್ತರ ಹಿಂದೂಸ್ತಾನದ ಮನೆಮಗಳ ಮಾತು ಕೊಟ್ಟ. ನಮ್ಮ ರಾಯಚೂರು, ಕೊಪ್ಪಳದ ಕಡೆ ಮೊಹರಂನಲ್ಲಿ ಅಲಾಯಿ ಕುಣಿ ಎಂಬ ಬೆಂಕಿಗುಂಡಿಯ ಸುತ್ತ ಹೆಜ್ಜೆ ಹಾಕುತ್ತ ಹಾಡುವ ರಿವಾಯತ್ ಪದಗಳದ್ದೂ ಕರ್ಬಲಾದ ಕಥೆಯೇ. ಅಲ್ಲಿ ಮುಸ್ಲಿಮರಷ್ಟೇ ಅಲ್ಲ, ಊರಿನ ನಾನಾ ಜಾತಿಯವರು ಹಾಡುತ್ತಾರೆ. ಆದರೆ ಖನ್ಸಾಳ ನಾಡಿನಲ್ಲಿ ಹೆಂಗಸರ ಹೊಣೆಯಾಗಿದ್ದ ಅಳು ಇಲ್ಲಿ ಹೆಚ್ಚಾಗಿ ಗಂಡಸರ ಮೇಳಗಳ ಪಾಲಾಗಿದೆ. ಅಂಥದೊಂದು ಮೇಳ ಇವತ್ತು ಇಲ್ಲಿಗೂ ಬಂದಿದೆ. ಇನ್ನು ಅವರು ಹಾಡಲಿ, ನಾನು ಮೈಕು ಬಿಡುತ್ತೇನೆ.