ಹೊಗೆಯ ಲೆಕ್ಕ, ಬಸ್ಸಿನ ಲೆಕ್ಕ

(ಯುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಭೆಗೆ ಬರುವಾಗ ಸಿಲ್ಕ್ ಬೋರ್ಡ್ ಬಳಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದೆ. ಬಸ್ಸಿನ ಕಿಟಕಿಯಿಂದ ಸುಮ್ಮನೆ ಎಣಿಸಿದೆ. ಪಕ್ಕದಲ್ಲಿದ್ದ ಹತ್ತು ಕಾರುಗಳಲ್ಲಿ ಒಟ್ಟು ಹನ್ನೆರಡು ಜನ. ನಮ್ಮ ಬಸ್ಸಿನಲ್ಲಿ ಕೂತವರು, ನಿಂತವರು ಸೇರಿ ಅರವತ್ತು ಜನ. ಹನ್ನೆರಡು ಜನ ರಸ್ತೆ ತುಂಬಿಕೊಂಡಿದ್ದರು. ಅರವತ್ತು ಜನ ಕಾಯುತ್ತಿದ್ದೆವು. ಇದು ಯಾವ ನ್ಯಾಯ?

ಭೂಮಿ ಬಿಸಿಯಾಗುವುದೆಂದರೆ ಎಲ್ಲೋ ಹಿಮಕರಡಿಗಳಿಗೆ ಬಂದ ಕಷ್ಟ ಎಂದುಕೊಂಡಿದ್ದೇವೆ. ಅಲ್ಲ, ಅದರ ಒಂದು ಬೇರು ನಮ್ಮ ಸಿಗ್ನಲ್ಲುಗಳಲ್ಲೇ ಇದೆ. ಒಂದು ಲೀಟರ್ ಪೆಟ್ರೋಲಿನ ತೂಕ ಮುಕ್ಕಾಲು ಕಿಲೋ. ಅದು ಉರಿದಾಗ ಗಾಳಿಯ ಆಮ್ಲಜನಕವನ್ನೂ ಸೇರಿಸಿಕೊಂಡು ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಡೀಸೆಲ್ ಆದರೆ ಸುಮಾರು 2.7 ಕಿಲೋ.

ಈಗ ಲೆಕ್ಕ ಹಾಕೋಣ. ಲೀಟರಿಗೆ 15 ಕಿ.ಮೀ. ಓಡುವ ಕಾರಿನಲ್ಲಿ ಒಬ್ಬನೇ ಕೂತರೆ ಪ್ರತಿ ಕಿಲೋಮೀಟರಿಗೆ ಅವನ ಪಾಲು 150 ಗ್ರಾಂ. ಲೀಟರಿಗೆ 50 ಕಿ.ಮೀ. ಕೊಡುವ ನಿಮ್ಮ ಬೈಕಿನದು 46 ಗ್ರಾಂ. ಡೀಸೆಲ್ ಬಸ್ಸು ಲೀಟರಿಗೆ ನಾಲ್ಕೇ ಕಿಲೋಮೀಟರ್ ಓಡಿದರೂ ಒಳಗೆ 50 ಜನರಿದ್ದರೆ ತಲೆಗೆ 14 ಗ್ರಾಂ ಕೂಡ ಇಲ್ಲ! ಹೊಗೆ ಕಾರುತ್ತದೆಂದು ನಾವು ಬೈಯುವ ಆ ಹಳೆಯ ಬಸ್ಸೇ ಕಾರಿಗಿಂತ ಹತ್ತು ಪಟ್ಟು ವಾಸಿ.

ಸಾರಿಗೆಯ ಹೊಗೆ ತಗ್ಗಿಸಲು ಮೂರು ದಾರಿಗಳಿವೆ. ಬೇಡದ ಓಡಾಟ ತಪ್ಪಿಸುವುದು. ಬಸ್ಸು, ರೈಲಿಗೆ ಜನರನ್ನು ಕರೆತರುವುದು. ಉಳಿದ ಗಾಡಿಗಳನ್ನು ಸುಧಾರಿಸುವುದು. ಆಳುವವರಿಗೆ ಮೂರನೆಯದರ ಮೇಲೆ ಮಾತ್ರ ಪ್ರೀತಿ. ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು, 2017ರಲ್ಲಿ. ಹೆಮ್ಮೆಯೇ. ಆದರೆ ದೇಶದ ವಿದ್ಯುತ್ತಿನ ಬಹುಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಬರುತ್ತಿದೆ. ಅದೂ ಇರಲಿ, ಬ್ಯಾಟರಿ ಕಾರು ರಸ್ತೆಯಲ್ಲಿ ಒಂದಡಿ ಜಾಗವನ್ನಾದರೂ ಬಿಟ್ಟುಕೊಡುತ್ತದೆಯೆ? ಅದೇ ಬ್ಯಾಟರಿಯನ್ನು ಬಸ್ಸಿಗೆ ಹಾಕಿ. ದಿನವಿಡೀ ನೂರಾರು ಜನರನ್ನು ಹೊರುತ್ತದೆ.

ಎರಡನೆಯ ದಾರಿಯಲ್ಲಿ ಏನಾಯಿತು? 2019ರ ಅಕ್ಟೋಬರಿನಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ಬಸ್ಸಿಗೇ ಪ್ರತ್ಯೇಕ ಪಥ ಮಾಡಿದರು. ಮೆಟ್ರೋ ಕಾಮಗಾರಿ ಬಂತು, ಪಥ ಹೋಯಿತು. ಅದನ್ನು ಉಳಿಸಿಕೊಡಿ ಎಂದು ನಾವೂ ಬೀದಿಗೆ ಇಳಿಯಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂತು, ಬಸ್ಸುಗಳು ತುಂಬಿದವು. ಆದರೆ ಕೋಟಿ ಮೀರಿದ ಜನರ ಊರಿಗೆ ಬಿಎಂಟಿಸಿಯ ಬಸ್ಸುಗಳು ಸುಮಾರು ಏಳು ಸಾವಿರ. ಇತ್ತ ನೋಂದಣಿಯಾದ ಖಾಸಗಿ ಗಾಡಿಗಳೇ ಕೋಟಿ ದಾಟಿವೆ. 2025ರ ಫೆಬ್ರವರಿಯಲ್ಲಿ ಮೆಟ್ರೋದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿತು. ಟಿಕೆಟ್ ಏರಿಸಿ, ಪರಿಸರ ಉಳಿಸಿ ಎಂದರೆ ನಗಬೇಕೋ ಅಳಬೇಕೋ?

ಇನ್ನೊಂದು ಲೆಕ್ಕ. 148 ಕಿ.ಮೀ. ಉಪನಗರ ರೈಲಿನ ಅಂದಾಜು ವೆಚ್ಚ 15,767 ಕೋಟಿ. 2022ರ ಜೂನಿನಲ್ಲಿ ಶಂಕುಸ್ಥಾಪನೆ ಆದ ಮೇಲೆ ಅದು ಕುಂಟುತ್ತಲೇ ಬಂದಿದೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ 17 ಕಿ.ಮೀ. ಆಸುಪಾಸಿನ ಸುರಂಗ ರಸ್ತೆಗೆ 2025ರಲ್ಲಿ ಹಾಕಿದ ಅಂದಾಜು ಅದಕ್ಕೂ ಹೆಚ್ಚು! ಸುರಂಗದಲ್ಲಿ ಓಡುವುದು ಯಾರ ಕಾರು? ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳದಲ್ಲ. ರಾತ್ರಿ ಪಾಳಿ ಮುಗಿಸಿ ಕೊನೆಯ ಬಸ್ಸಿಗೆ ಓಡುವ ಹುಡುಗನದಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಸರಳ. ಬಸ್ಸುಗಳನ್ನು ದುಪ್ಪಟ್ಟು ಮಾಡಿ. ದೊಡ್ಡ ರಸ್ತೆಗಳಲ್ಲಿ ಬಸ್ಸಿಗೆ ಪ್ರತ್ಯೇಕ ಪಥ ಕೊಡಿ. ಸಾರ್ವಜನಿಕ ರಸ್ತೆಯಲ್ಲಿ ಪುಕ್ಕಟೆಯಾಗಿ ಕಾರು ನಿಲ್ಲಿಸುವುದನ್ನು ತಪ್ಪಿಸಿ, ಆ ಹಣವನ್ನು ಬಸ್ಸಿಗೆ ಹಾಕಿ. ಯೋಜನೆಯ ವರದಿಗಳನ್ನು ಪೂರ್ತಿಯಾಗಿ ಕನ್ನಡದಲ್ಲಿ ಕೊಡಿ. ಓದಲು ಬಾರದ ಭಾಷೆಯ ಕಾಗದಕ್ಕೆ ಬಸ್ಸಿನ ಜನ ಹೇಗೆ ಆಕ್ಷೇಪಣೆ ಬರೆದಾರು?

ಮೊದಲ ಸಂಬಳದಲ್ಲೇ ಬೈಕಿನ ಕಂತು ಕಟ್ಟುವ ಹುಡುಗರನ್ನು ನಾನು ಬೈಯುವುದಿಲ್ಲ. ಬಸ್ಸು ಬಾರದ ಬಡಾವಣೆಯಲ್ಲಿ ಅವರಾದರೂ ಏನು ಮಾಡಬೇಕು? ಆದರೆ ಬಸ್ಸು ಕೇಳುವವರೇ ಇಲ್ಲವಾದರೆ ಬಸ್ಸು ಎಂದಿಗೂ ಬಾರದು. ನಿಮ್ಮ ಬಡಾವಣೆಗೆ ಬೆಳಿಗ್ಗೆ ಎಷ್ಟು ಬಸ್ಸು ಬರುತ್ತವೆ ಎಂದು ನಾಳೆಯೇ ಎಣಿಸಿ. ನೂರು ಸಹಿ ಹಾಕಿಸಿ ಡಿಪೋಗೆ ಹೋಗಿ. ನಾನೂ ಬರುತ್ತೇನೆ, ಬಸ್ಸಿನಲ್ಲೇ.