ಏರು ಹತ್ತುವವರಿಗೆ ಲೆಕ್ಕ ಹೇಳುವವರು ಯಾರು?

ಮಂಗಳೂರು ಸಮತಟ್ಟಾದ ಊರಲ್ಲ. ಫಳ್ನೀರಿನ ಒಂದು ಭಾಗಕ್ಕೆ ಹೈಲ್ಯಾಂಡ್ಸ್ ಎಂಬ ಹೆಸರೇ ಇದೆ. ಇಲ್ಲಿ ಆಸ್ಪತ್ರೆಗಳಿಗೂ ಬರವಿಲ್ಲ. ಸಮೀಪದ ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಚರಿತ್ರೆ 1880ರಷ್ಟು ಹಿಂದಕ್ಕೆ ಹೋಗುತ್ತದೆ. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಮರಳುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ, ದಿನಾ ಅರ್ಧ ಗಂಟೆ ನಡೆಯಿರಿ ಎಂಬುದು. ಆದರೆ ಎಲ್ಲಿ ನಡೆಯಬೇಕು, ಎಷ್ಟು ವೇಗದಲ್ಲಿ?

ಇದು ಕ್ಷುಲ್ಲಕ ಪ್ರಶ್ನೆಯಲ್ಲ. ಸಮನೆಲದಲ್ಲಿ ಗಂಟೆಗೆ 4 ಕಿಲೋಮೀಟರ್ ವೇಗದಲ್ಲಿ ನಡೆಯುವಾಗ ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಸುಮಾರು 10 ಮಿಲಿಲೀಟರ್ ಆಮ್ಲಜನಕ ಬೇಕು. ಅದೇ ವೇಗದಲ್ಲಿ, 100 ಅಡಿಗೆ 8 ಅಡಿ ಏರುವ ದಾರಿಯಲ್ಲಿ ನಡೆದರೆ ಸುಮಾರು 20 ಬೇಕು. ಗಡಿಯಾರದ ಲೆಕ್ಕದಲ್ಲಿ ಎರಡೂ ಅರ್ಧ ಗಂಟೆಯೇ. ದೇಹದ ಲೆಕ್ಕದಲ್ಲಿ ಒಂದು ಇನ್ನೊಂದರ ಇಮ್ಮಡಿ. ನಾಡಿ ಹಿಡಿದು ನೋಡಿಕೊಂಡರಾಯಿತೆಂದರೆ, ಅನೇಕ ಹೃದ್ರೋಗಿಗಳು ಸೇವಿಸುವ ಬೀಟಾ ಬ್ಲಾಕರ್ ಗುಳಿಗೆಗಳು ನಾಡಿಬಡಿತವನ್ನೇ ತಗ್ಗಿಸುತ್ತವೆ. ಆರೋಗ್ಯವಂತರ ಕೋಷ್ಟಕ ಅವರಿಗೆ ಹೊಂದದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಯಾದರೆ ನಡಿಗೆ ಮುಗಿಯುವುದರೊಳಗೆ ರಕ್ತದ ಸಕ್ಕರೆ ಕುಸಿದು ಕಣ್ಣು ಕತ್ತಲಿಡಬಹುದು.

ಈ ಲೆಕ್ಕಗಳ ವಿದ್ಯೆಯೇ ವ್ಯಾಯಾಮ ಶರೀರಕ್ರಿಯಾಶಾಸ್ತ್ರ. ಇದು ಹೊಸ ಶಾಸ್ತ್ರವೇನಲ್ಲ. ಸ್ನಾಯುವಿನಲ್ಲಿ ಶಾಖ ಹುಟ್ಟುವ ಬಗೆಯನ್ನು ಅಳೆದ ಇಂಗ್ಲೆಂಡಿನ ಎ. ವಿ. ಹಿಲ್ ಅವರಿಗೆ 1922ರ ನೊಬೆಲ್ ಪ್ರಶಸ್ತಿ ಬಂತು. ಜರ್ಮನಿಯ ಓಟೊ ಮೇಯರ್‌ಹಾಫ್ ಅದರ ಸಹಭಾಗಿ. 1953ರಲ್ಲಿ ಜೆರೆಮಿ ಮಾರಿಸ್ ಮತ್ತು ಸಂಗಡಿಗರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳ ನೌಕರರನ್ನು ಅಭ್ಯಸಿಸಿ, ಕುಳಿತೇ ಇರುವ ಚಾಲಕರಿಗಿಂತ ದಿನವಿಡೀ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆ ಎಂದು ತೋರಿಸಿದರು. (ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರನಿಗೆ ಹತ್ತಲು ಮೇಲಂತಸ್ತಿಲ್ಲ, ಕುಳಿತುಕೊಳ್ಳಲು ಪುರಸೊತ್ತೂ ಇಲ್ಲ.)

ಶಾಸ್ತ್ರವಿದ್ದ ಮಾತ್ರಕ್ಕೆ ವೃತ್ತಿ ಹುಟ್ಟುವುದಿಲ್ಲ. ವೃತ್ತಿಯೆಂದರೆ ನಿಗದಿತ ಪಠ್ಯ, ರೋಗಿಯ ಪಕ್ಕದಲ್ಲಿ ನಿಂತು ಕಲಿತ ಅನುಭವ, ಪರೀಕ್ಷೆ, ನೋಂದಣಿ. ಎಲ್ಲಕ್ಕಿಂತ ಮಿಗಿಲಾಗಿ, ತಪ್ಪು ನಡೆದರೆ ವಿಚಾರಿಸುವ ಒಂದು ಮಂಡಳಿ. ಆಸ್ಟ್ರೇಲಿಯದಲ್ಲಿ ದೀರ್ಘಕಾಲದ ರೋಗವುಳ್ಳವರು ವೈದ್ಯರ ಶಿಫಾರಸಿನ ಮೇಲೆ ಮಾನ್ಯತೆ ಪಡೆದ ಇಂಥ ತಜ್ಞರ ಬಳಿ ಹೋದರೆ, 2006ರಿಂದ ಸರ್ಕಾರದ ಮೆಡಿಕೇರ್ ಯೋಜನೆಯ ನೆರವು ದೊರೆಯುತ್ತಿದೆ. ಭಾರತದಲ್ಲಿ ಫಿಸಿಯೋಥೆರಪಿಯೇ ರಾಷ್ಟ್ರಮಟ್ಟದ ಕಾಯ್ದೆಗಾಗಿ 2021ರವರೆಗೆ ಕಾಯಬೇಕಾಯಿತು. ವೈದ್ಯಕೀಯಕ್ಕೆ ಪೂರಕವಾದ ಆರೋಗ್ಯ ವೃತ್ತಿಗಳಿಗಾಗಿ ಆ ವರ್ಷ ಬಂದ ಕಾಯ್ದೆಯ 10 ವರ್ಗಗಳಲ್ಲಿ ಅದೂ ಒಂದು. ವ್ಯಾಯಾಮ ಶರೀರಕ್ರಿಯಾಶಾಸ್ತ್ರಕ್ಕೆ ಅಲ್ಲಿ ಪ್ರತ್ಯೇಕ ವರ್ಗವಿಲ್ಲ.

ಫಿಸಿಯೋಥೆರಪಿಸ್ಟರು ಇರುವಾಗ ಇನ್ನೊಬ್ಬರೇಕೆ ಎಂಬ ಆಕ್ಷೇಪವುಂಟು. ಆಸ್ಪತ್ರೆಯ ಒಳಗಿನ ಮಟ್ಟಿಗೆ ಅದರಲ್ಲಿ ಹುರುಳಿದೆ. ಹೃದ್ರೋಗಿಗಳ ಪುನಶ್ಚೇತನ ಅವರ ಕಲಿಕೆಯ ಭಾಗವೇ. ಫಿಸಿಯೋಥೆರಪಿ ಪದವೀಧರರಿಗೆ ಮೇಲೊಂದು ವಿಶೇಷ ಶಿಕ್ಷಣ ಕೊಟ್ಟೇ ಈ ವೃತ್ತಿಯನ್ನು ಕಟ್ಟಬಹುದು. ಕಾಲೇಜುಗಳೂ ಆಸ್ಪತ್ರೆಗಳೂ ಒತ್ತೊತ್ತಾಗಿರುವ ಮಂಗಳೂರಿನಂಥ ಊರಿಗೆ ಅದು ಅಸಾಧ್ಯವೇನಲ್ಲ. ಆದರೆ ತೊಡಕಿರುವುದು ಆಸ್ಪತ್ರೆಯಿಂದ ಹೊರಬಿದ್ದ ಮೇಲೆ. ಅಲ್ಲಿ ಸಿಗುವುದು ಉದ್ಯಾನದ ಗೆಳೆಯರ ಉಪದೇಶ, ಇಲ್ಲವೇ ಜಿಮ್ಮಿನ ತರಬೇತುದಾರ. ತರಬೇತುದಾರರಲ್ಲಿ ಬಲ್ಲವರಿಲ್ಲವೆಂದಲ್ಲ; ಬಲ್ಲವರಾರು, ಅಲ್ಲದವರಾರು ಎಂದು ಗ್ರಾಹಕನಿಗೆ ತಿಳಿಯುವ ದಾರಿಯಿಲ್ಲ.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಂದು ಬೆಳಿಗ್ಗೆ ಅವರು ವ್ಯಾಯಾಮ ಮಾಡಿದ್ದರೆಂಬ ಸುದ್ದಿ ನಾಡನ್ನೇ ಕಲಕಿತು. ವ್ಯಾಯಾಮವೇ ಕಾರಣವೆಂದು ತೀರ್ಮಾನಿಸುವುದು ಸಲ್ಲದು. ಆದರೂ ಹೃದಯ ತಪಾಸಣೆಗೆಂದು ಬೆಂಗಳೂರಿನ ಜಯದೇವ ಆಸ್ಪತ್ರೆಗೆ ಜನ ಮುಗಿಬಿದ್ದರು. ಇಸಿಜಿ ಸರಿಯಿದೆ ಎಂಬ ಚೀಟಿ ಹಿಡಿದು ಹೊರಬಂದವರಿಗೆ ನಾಳೆಯಿಂದ ಎಷ್ಟು ಭಾರ ಎತ್ತಬಹುದು, ಎಷ್ಟು ಓಡಬಹುದು ಎಂಬ ಪ್ರಶ್ನೆ ಹಾಗೆಯೇ ಉಳಿದಿತ್ತು. ಅದನ್ನು ಕೇಳಲು ಹೋಗಬೇಕಾದ ಬಾಗಿಲಿಗೆ ಈ ನಾಡಿನಲ್ಲಿ ಇನ್ನೂ ನಾಮಫಲಕ ಬಿದ್ದಿಲ್ಲ.